ಕಡಲ ಕಡೆಯ ಗೋಡೆ

ಅಪ್ಪಾ,

ಊಟಕ್ಕೆ ಎಲೆ ಹಾಕಿದೊಡನೆ ನೀವು ಎದ್ದು ಬಾಗಿಲಿಗೆ ಅಗುಳಿ ಹಾಕುತ್ತಿದ್ದಿರಿ. ಆಮೇಲೆ ಕಿಟಕಿ. ವೆಸ್ಟ್ ಮಾಂಬಲಂನ ಆ ಒಂದೂವರೆ ಕೋಣೆಯ ಮನೆಯಲ್ಲಿ, ಮೇ ತಿಂಗಳ ಮಧ್ಯಾಹ್ನವೂ. ತಿನ್ನುವ ಅನ್ನದ ಮೇಲೆ ಹೊರಗಿನವರ ಕಣ್ಣು ಬೀಳಬಾರದು. ಯಾರಾದರೂ ಬಾಗಿಲು ತಟ್ಟಿದರೆ ನಿಮ್ಮ ಎಡಗೈ ತಾನಾಗಿ ಎಲೆಯನ್ನು ಮುಚ್ಚುತ್ತಿತ್ತು. ಅದು ಆಚಾರವೋ ಹೆದರಿಕೆಯೋ, ನಾನು ಕೇಳಲೇ ಇಲ್ಲ. ಕೇಳಿದ್ದರೆ ನೀವು...

ಅನುವಾದದ ಕಾದಂಬರಿ ಹಿಡಿದು ಕೂತ ನನ್ನನ್ನು ರೇಗಿಸಿದ್ದು ನೆನಪಿದೆಯೇ? "ಏನೇ, ನಿನ್ನ ರಷ್ಯದವರು ಊಟಕ್ಕೆ ಕೂತ್ರೆ ಮೂರು ಅಧ್ಯಾಯ ಏಳೋದೇ ಇಲ್ವಲ್ಲೇ! ಬಾಗಿಲೂ ಹಾಕ್ಕೊಳಲ್ಲ." ನಾನು ನಗಲಿಲ್ಲ. ತೋಟದಲ್ಲಿ ಉದ್ದ ಮೇಜು ಹಾಕಿ ದಾರಿಹೋಕರನ್ನೂ ಕರೆದು ಕೂರಿಸುವ ಆ ಜನರ ಮೇಲೆ ನನಗೆ ಅಸೂಯೆಯಿತ್ತು.

ಹಾಗಿದ್ದೂ ನಾನು ಮಾಡಿದ್ದೇನು ಗೊತ್ತೇ? ನೀವು ತೀರಿಹೋದ ಮರುವರ್ಷ, ಕಟ್ಟಡಗಳ ನಕ್ಷೆ ಬರೆಯುವ ನಮ್ಮ ಕಚೇರಿಗೊಂದು ಕೆಲಸ ಬಂತು. ತಿರುವೊಟ್ಟಿಯೂರಿನ ಕಡಲ ದಂಡೆಯಲ್ಲಿ ಮೀನು ಮಾರುವ ಹೆಂಗಸರೂ ಕಾರ್ಖಾನೆಯವರೂ ಒಟ್ಟಿಗೆ ಅಡುಗೆ ಮಾಡಿ ಉಣ್ಣಲು ಒಂದು ಚಾವಡಿ. ಕೈ ತೊಳೆದ ನೀರು ಬಾಳೆಗೆ, ಬಾಳೆಯ ಎಲೆ ಊಟಕ್ಕೆ, ಉಂಡ ಎಲೆ ಗೊಬ್ಬರದ ಗುಂಡಿಗೆ, ಗೊಬ್ಬರ ಮತ್ತೆ ಬಾಳೆಯ ಬುಡಕ್ಕೆ. ಏನೂ ದಂಡವಾಗದ ಹಾಗೆ ಬರೆದೆ. ಎಲ್ಲರೂ ಮೆಚ್ಚಿದರು. ಕಡಲ ಕಡೆ, ಬೀದಿಗೆ ಎದುರಾಗಿ, ಕಿಟಕಿಯೇ ಇಲ್ಲದ ಗೋಡೆಯನ್ನು ಚಾವಣಿಯವರೆಗೂ ಎಬ್ಬಿಸಿದ್ದನ್ನು ಯಾರೂ ಗಮನಿಸಲಿಲ್ಲ. ನಾನೂ. ಊಟದ ಜಾಗ ಎಂದರೆ ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ.

ಮೊದಲ ದಿನ ಒಲೆ ಹೊತ್ತಿಸಿದಾಗ, ಆ ಗೋಡೆಯಿಂದಾಗಿ ಗಾಳಿಯಾಡದೆ, ಹೊಗೆ ಹೊರಗೆ ಹೋಗಲಿಲ್ಲ. ಅಡುಗೆ ನೋಡಿಕೊಳ್ಳುವವಳು ಸೆಲ್ವಿ; ಅವಳ ತಾಯಿ ಉಸಿರು ಕಟ್ಟಿ ಬಿದ್ದಳು. ಮರಳಿನ ಮೇಲೆ ಮಲಗಿಸಿದಾಗ ಆ ಮುದುಕಿಯ ತುಟಿ ನೀಲಿಗಟ್ಟಿತ್ತು. ಕೊಂದುಬಿಟ್ಟೆ ಎಂದುಕೊಂಡೆ. ಅವಳು ಕೆಮ್ಮುವವರೆಗೆ ನಾನೂ ಉಸಿರಾಡಲಿಲ್ಲ. ಸೆಲ್ವಿ ಗೋಡೆಗೆ ಗುದ್ದಿ ಕೇಳಿದಳು: "ಇನ್ನಾಮ್ಮಾ ಇದು? ನಾಂಗ ತಿರುಡಿಯಾ ತುನ್ರೋಂ?" ನಾವೇನು ಕದ್ದು ತಿನ್ನುತ್ತೇವೆಯೇ, ಎಂದು.

ಗೋಡೆ ಒಡೆಯದೆ ದಾರಿಯಿರಲಿಲ್ಲ. ಆದರೆ ಮೇಲಿನ ಹೆಂಚು? ಕಂಬಗಳು ಹೊರುತ್ತವೆಯೇ ಎಂದು ಮೂರು ಸಲ ಲೆಕ್ಕ ಹಾಕಿದೆ. ಮೂರು ಸಲವೂ ಹೊರುತ್ತಿದ್ದವು. ಆದರೂ ಗೋಡೆ ಬರೆದ ಕೈಯೇ ಅಲ್ಲವೇ ಈ ಲೆಕ್ಕ ಬರೆದದ್ದು? ಇಂದು ಬೆಳಿಗ್ಗೆ ಮೇಸ್ತ್ರಿ ಎಲ್ಲರನ್ನೂ ಹೊರಗೆ ಕಳಿಸಿ ಮೊದಲ ಏಟು ಹಾಕಿದಾಗ ನಾನು ಚಾವಣಿಯ ಕೆಳಗೇ ನಿಂತಿದ್ದೆ. ಬೀಳುವುದಾದರೆ... ಗೋಡೆ ಜಗಲಿಯ ಮಟ್ಟಕ್ಕೆ ಇಳಿಯಿತು. ಹೆಂಚು ಅಲುಗಲಿಲ್ಲ. ಕಡಲ ಗಾಳಿ ಬಂತು.

ಮಧ್ಯಾಹ್ನ ಸೆಲ್ವಿ, "ಮೊದಲ್ ಎಲೈ ಉನಕ್ಕುತಾನ್," ಎಂದು ನನ್ನನ್ನೇ ಮೊದಲು ಕೂರಿಸಿದಳು, ಬೀದಿಗೆ ಮುಖಮಾಡಿ. ಅನ್ನ, ರಸ. ನಿಜ ಹೇಳಲೇ ಅಪ್ಪಾ, ಹೆಂಚಿನ ಕೆಳಗೆ ನಿಂತಾಗಲೂ ಇಷ್ಟು ಹೆದರಿರಲಿಲ್ಲ. ಒಬ್ಬಾತ ಸೈಕಲ್ ನಿಲ್ಲಿಸಿ ನನ್ನ ಎಲೆಯನ್ನೇ ನೋಡಿದ. ನನ್ನ ಎಡಗೈ ಅನ್ನದ ಮೇಲೆ ಹೋಯಿತು. ಥೇಟ್ ನಿಮ್ಮ ಕೈ.

"ಕೈಯೆ ಎಡುಮ್ಮಾ," ಸೆಲ್ವಿ ನಕ್ಕಳು. "ಅವನುಕ್ಕುಂ ಪಸಿ."

ಅವನಿಗೂ ಹಸಿವು. ಅಷ್ಟೇ ಇತ್ತೇ ಅಪ್ಪಾ, ಹೊರಗಿನವರ ಆ ಕಣ್ಣುಗಳಲ್ಲಿ, ಇಷ್ಟು ವರ್ಷವೂ?

ಕೈ ತೆಗೆದೆ. ಹೆದರಿಕೆ ಹೋಗಿರಲಿಲ್ಲ. ಎಲೆಯೊಂದಿಗೆ ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿದೆ.