ಕರಡಿಯ ತುಟಿ

ಅಣ್ಣಾ,

ಇವತ್ತು ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ನಮ್ಮ ಕರಡಿ-ನರಿ ಕಾರ್ಟೂನು ಹಾಕಿದ್ದರು. ನಮ್ಮ ಮನೆಯ ಟೀವಿಗೆ ದನಿಯೇ ಬರುತ್ತಿರಲಿಲ್ಲವಲ್ಲ, ಅದನ್ನು ಸದ್ದಿನ ಜೊತೆ ನೋಡಿದ್ದು ಇದೇ ಮೊದಲು. ಆ ಕರಡಿ ಮಾತೇ ಆಡುವುದಿಲ್ಲ ಕಣೋ! ಹಿನ್ನೆಲೆಯಲ್ಲಿ ಬರೀ ಪಿಟೀಲು. "ತುಟಿ ನೋಡಿ ಹೇಳ್ತೀನಿ, ಸುಮ್ನೆ ಕೇಳೇ" ಎಂದು ಎಷ್ಟು ಸಲೀಸಾಗಿ ರೀಲು ಬಿಡುತ್ತಿದ್ದೆಯೋ, ಕಳ್ಳ! ನೀನು ನನ್ನ ಜಡೆ ಎಳೆದು ಅಳಿಸಿದ ದಿನ ಮಾತ್ರ ಕರಡಿ ನರಿಗೆ, "ತಪ್ಪಾಯ್ತು ಕಣೇ, ಮಾತಾಡೇ" ಎನ್ನುತ್ತಿತ್ತು.

ದೊಡ್ಡವರಾದ ಮೇಲೆ ಜಗಳವಾದಾಗ, ನೀನೇ ಬಾಯಿಬಿಟ್ಟು ತಪ್ಪಾಯ್ತು ಅನ್ನಲಿ ಎಂದು ಕಾದೆ. ನೀನು ತೀರಿಕೊಳ್ಳುವವರೆಗೂ ಕಾದೆ.

ನರ್ಸು ನನ್ನ ಹೆಸರು ಕೂಗಿದರು. "ಇನ್ನೊಂದೇ ನಿಮಿಷ" ಅಂದೆ. ಕರಡಿಯ ತುಟಿಯನ್ನೇ ನೋಡುತ್ತ ಕೂತಿದ್ದೆ.