ಸ್ಮೃತಿಗೆ ಕೊಟ್ಟ ಕುಂಕುಮ

ಏಪ್ರಿಲ್ 24, ಶುಕ್ರವಾರ. ಕಿಂಗ್ಸ್‌ಬರಿ.

ಇವತ್ತು ಸ್ಮೃತಿ ವೋಟು ಕೇಳೋಕೆ ನಮ್ಮ ಮನೆಗೇ ಬಂದಳು. ಇಲ್ಲಿನ ಕೌನ್ಸಿಲ್ ಚುನಾವಣೆಯ ಟಿಕೆಟ್‌ಗೆ ಪಕ್ಷದೊಳಗೆ ನಾವಿಬ್ಬರೂ ನಿಂತಿದ್ದಾಗ, "ಅಂಬುಜಾ ಆಂಟಿ ಇಂಗ್ಲಿಷ್ ಕೇಳಿದ್ರೆ ಜನ ಬಾಗಿಲು ಹಾಕ್ಕೋತಾರೆ" ಅಂತ ಸದಸ್ಯರಿಗೆಲ್ಲ ಹೇಳಿ ಗೆದ್ದವಳು.

ನಾನು ಬಾಗಿಲು ಹಾಕಲಿಲ್ಲ. ಕಾಫಿ ಕೊಟ್ಟೆ. ಹೊರಟಾಗ ಕುಂಕುಮವನ್ನೂ ಕೊಟ್ಟೆ, ಮನೆಗೆ ಬಂದ ಹೆಣ್ಣುಮಗಳನ್ನ ಹಾಗೇ ಕಳಿಸಿ ಅಭ್ಯಾಸವಿಲ್ಲ. ಅವಳು ಅದನ್ನೇ ಮಾತು ಕೊಟ್ಟ ಹಾಗೆ ತಿಳಿದುಕೊಂಡು, ನಮ್ಮದು ಖಚಿತ ವೋಟು ಅಂತ ಫೋನಿನಲ್ಲಿ ಗುರುತು ಹಾಕಿಕೊಂಡಳು. "ಇನ್ನು ನಿಮ್ಮನೆಗೆ ಬರೋದೇ ಬೇಡ ಆಂಟಿ" ಅಂದಳು. ನಕ್ಕೆ.

ಊಟದ ಹೊತ್ತಿಗೆ ನಮ್ಮನೆಯವರು, "ಇಪ್ಪತ್ತು ವರ್ಷದ ಪಕ್ಷ ಕಣೇ, ಪಕ್ಷ ನೋಡಿ ಹಾಕು, ಅವಳ ಮುಖ ನೋಡಬೇಡ" ಅಂದರು.

ಸರಿ. ಈಗ ನೋಡಲ್ಲ. ನನ್ನ ವೋಟು ಎದುರು ಪಕ್ಷಕ್ಕೆ. ಎಣಿಕೆಯ ದಿನ ಹೋಗಿ ನೋಡ್ತೀನಿ, ಅವಳ ಮುಖ.