ಇಪ್ಪತ್ತೊಂಬತ್ತು ಇಂಚಿನ ಅಡುಗೆ ಕಟ್ಟೆ

ವಿದ್ಯಾನಗರ, ಹುಬ್ಬಳ್ಳಿ
೩೦ ಫೆಬ್ರವರಿ, ಹೊರಗೋಡೆ ಮುಗಿದ ೯೮ನೆಯ ವರ್ಷ

ರೆಸ್ಪೆಕ್ಟೆಡ್ ಮೇಡಮ್ ಶಾಹೀನ ನದಾಫ್ ಅವರಿಗೆ,

ತಾರೀಖು ನೋಡಿ ಮುದುಕನ ಕೈ ತಪ್ಪಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿ ರಜೆ ಅಂತ ಕೊಡುತ್ತಾರೆ. ನಿಮ್ಮ ಲೆಕ್ಕದಲ್ಲಿ ಇದು ೨೧೬೩. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಅನಿಸಬಹುದು, ಕ್ಷಮಿಸಿ. ಕಾಲೇಜಿನಲ್ಲಿ ಒಂದು ವರ್ಷ ಹಳೆಯ ಇಂಗ್ಲಿಷು ಓದಿದ್ದೆ. ಪತ್ರ ಬರೆಯುವ ಪಾಠದಲ್ಲಿ 'ಐ ಬೆಗ್ ಟು ಸ್ಟೇಟ್' ಅಂತ ಶುರುಮಾಡಬೇಕೆಂದು ಹೇಳಿಕೊಟ್ಟಿದ್ದರು. ಅದರ ಮುಂದೇನು ಎಂಬುದು ಮರೆತುಹೋಗಿದೆ. ವಯಸ್ಸಿನಲ್ಲಿ ನೀವು ನನ್ನ ಮುತ್ತಜ್ಜಿಗೂ ಹಿರಿಯರು, ಕೈಬರಹದಲ್ಲಿ ಮಾತ್ರ ಹದಿನೆಂಟರ ಹುಡುಗಿ. ಆದ್ದರಿಂದ ಒಮ್ಮೆ ನೀವು, ಒಮ್ಮೆ ನೀನು ಎಂದು ಬಂದರೆ ಅದನ್ನೂ ಕ್ಷಮಿಸಬೇಕು.

ನಾನು ಗುರುಪಾದಪ್ಪ ಹಂಚಿನಮನಿ. ವಯಸ್ಸು ಎಪ್ಪತ್ತಾರು. ಹೆಂಡತಿ ಚಂಪಾವತಿ ತೀರಿಕೊಂಡು ಆರು ವರ್ಷವಾಯಿತು. ನೀವಿರುವ ಮನೆಯಲ್ಲೇ, ಅದೇ ಮೂರನೆಯ ಮಹಡಿಯಲ್ಲಿ, ಮೊಮ್ಮಗಳು ಮುಕ್ತಾಳ ಜೊತೆ ಇದ್ದೇನೆ. ಅವಳ ಅಪ್ಪ ಅಮ್ಮ ಕಾರವಾರದ ಕಡಲಗೋಡೆಯ ದುರಸ್ತಿ ಕೆಲಸದಲ್ಲಿದ್ದಾರೆ, ವರ್ಷಕ್ಕೆರಡು ಸಲ ಬರುತ್ತಾರೆ. ಎಪ್ಪತ್ತೈದು ದಾಟಿದವರಿಗೆ ನಮ್ಮ ಸರ್ಕಾರ ಹಿಂದಂಚೆ ಅಂತ ಒಂದು ಸೌಲಭ್ಯ ಕೊಡುತ್ತದೆ. ಆದುಹೋದ ಕಾಲಕ್ಕೆ ಒಂದು ಪತ್ರ, ಜೀವಮಾನಕ್ಕೆ ಒಂದೇ. ಮುಟ್ಟಿತು ಅಂತ ಇದುವರೆಗೆ ಯಾರಿಗೂ ರಸೀದಿ ಬಂದಿಲ್ಲ. ನಾನು ಚಂಪಾಳಿಗೇ ಬರೆಯುತ್ತೇನೆಂದು ಅಂಚೆಯವನು ಅವಳ ಹೆಸರು ಮೊದಲೇ ತುಂಬಿಕೊಂಡಿದ್ದ. ಹೊಡೆದುಹಾಕಿಸಿದೆ. ಯಾಕೆ ಎಂಬುದನ್ನು ಹೇಳಲಿಕ್ಕೇ ಈ ಕಾಗದ.

ನಮ್ಮ ಕಾಲದಲ್ಲಿ ಹೊಸ ಕಟ್ಟಡವಿಲ್ಲ. ಸಿಮೆಂಟು ನಿಂತು, ಮರಳು ಮುಗಿದು, ತೊಂಬತ್ತೆಂಟು ವರ್ಷದ ಹಿಂದೆ ಕೊನೆಯ ಹೊರಗೋಡೆ ಎದ್ದಿತು. ಆಮೇಲೆ ಇದ್ದ ಚಿಪ್ಪಿನೊಳಗೇ ಬಾಳುವುದು. ಹೀಗಾಗಿ ಒಳಗಟ್ಟಿನ ವಿದ್ಯೆಗೆ, ನೀವು ಇಂಟೀರಿಯರ್ ಎನ್ನುವುದಕ್ಕೆ, ನಮ್ಮಲ್ಲಿ ಡಾಕ್ಟರಿಕೆಯಷ್ಟೇ ಬೆಲೆ. ಒಂದು ಕೋಣೆಯಲ್ಲಿ ನಾಲ್ಕು ತಲೆಮಾರು ಜಗಳವಾಡದೆ ಮಲಗಬೇಕಾದರೆ ಯಾರಾದರೂ ಬುದ್ಧಿ ಓಡಿಸಲೇಬೇಕಲ್ಲ. ಮರವೂ ಕಲ್ಲೂ ಸಾಲದ್ದರಿಂದ ಮಟ್ಟದ ನಿಯಮ ಬಂತು. ಯಾರ ಮನೆಯ ಬಾಗಿಲಾದರೂ ಯಾರ ಮನೆಗಾದರೂ ಕೂಡಬೇಕು. ಕಪಾಟು, ಮಂಚ, ಅಡುಗೆ ಕಟ್ಟೆ ಎಲ್ಲಕ್ಕೂ ಒಂದೇ ಅಳತೆ. ಕಟ್ಟೆಗೆ ಮೂವತ್ತನಾಲ್ಕು ಇಂಚು. ಹೆಚ್ಚುಕಡಿಮೆ ಇದ್ದರೆ ಮಟ್ಟದವರು ಬಂದು ಸರಿಮಾಡಿ, ಸರಿಯಾಯಿತು ಅಂತ ಬಾಗಿಲಿಗೆ ಹಸಿರು ಚೀಟಿ ಅಂಟಿಸಿ ಹೋಗುತ್ತಾರೆ. ನಮ್ಮ ಓಣಿಯ ಎಲ್ಲ ಬಾಗಿಲಿಗೂ ಹಸಿರು ಚೀಟಿ. ನಮ್ಮದಕ್ಕೆ ಇರಲಿಲ್ಲ.

ಯಾಕೆಂದರೆ ನಮ್ಮ ಕಟ್ಟೆ ಇಪ್ಪತ್ತೊಂಬತ್ತು ಇಂಚು, ಯಾರೂ ದೂರು ಕೊಡದ್ದರಿಂದ ಮಟ್ಟದವರು ಅಳೆಯಲು ಬಂದಿರಲೂ ಇಲ್ಲ. ಮದುವೆಯಾದ ವರ್ಷ ಹನ್ನೊಂದು ಮನೆ ನೋಡಿದ್ದೆವು. ಚಂಪಾ ನಾಲ್ಕಡಿ ಒಂಬತ್ತಿಂಚಿನ ಹೆಣ್ಣು. ಎಲ್ಲ ಅಡುಗೆಮನೆಯಲ್ಲೂ ಅವಳ ಮೊಣಕೈ ಭುಜದ ಸಮಕ್ಕೆ ಏಳುತ್ತಿತ್ತು. ಇಲ್ಲಿ ಬಂದವಳು ಪಡಸಾಲೆ ನೋಡಲಿಲ್ಲ, ನೀರು ಬರುತ್ತದೆಯೇ ಕೇಳಲಿಲ್ಲ. ಕಟ್ಟೆಯ ಮೇಲೆ ಎರಡೂ ಅಂಗೈ ಊರಿ ನಿಂತು, "ಇಲ್ಲೇ ಇರೋಣ್ರಿ. ಈ ಕಟ್ಟಿ ನನ್ನ ಕೇಳೇ ಕಟ್ಟಿದಂಗೈತಿ" ಅಂದಳು. ನನ್ನ ಬೆನ್ನಿನ ಗತಿಯೇನು ಎಂದು ಕೇಳಿದ್ದಕ್ಕೆ, "ನೀವು ಅಡಿಗಿಮನಿಗೆ ಬರೂದು ಎಂದು? ಬಂದ ದಿನಾ ಬಗ್ಗೂದು ಕಲೀರಿ" ಅಂದಳು. ಆ ದಿನ ಆರು ವರ್ಷದ ಹಿಂದೆ ಬಂತು. ಅಂದಿನಿಂದ ಬಗ್ಗಿಯೇ ರೊಟ್ಟಿ ಬಡಿದಿದ್ದೇನೆ. ರೊಟ್ಟಿ ಇನ್ನೂ ದುಂಡಗಾಗಿಲ್ಲ. ಇರಲಿ.

ಈಗ ಮುಕ್ತಾಳ ವಿಷಯ. ಅವಳಿಗೆ ಒಳಗಟ್ಟಿನ ವಿದ್ಯೆಯೇ ಬೇಕು. ಅದಕ್ಕೆ ಪ್ರವೇಶ ಪರೀಕ್ಷೆ ಇಲ್ಲ. ಹುಡುಗರು ತಮ್ಮ ಮನೆಯನ್ನು ತಾವೇ ಟೇಪು ಹಿಡಿದು ಅಳೆದು ನಕ್ಷೆ ಬರೆಯಬೇಕು. ಮನೆಯ ಹಿರಿಯರು ಪ್ರತಿ ಅಳತೆ ನೋಡಿ, ನಿಜ ಅಂತ ಮುದ್ರೆ ಒತ್ತಿ, ಲಕೋಟೆ ಮುಚ್ಚಿ ಕಳಿಸಬೇಕು. ಅದನ್ನು ಮನೆಸಾಕ್ಷಿ ಎನ್ನುತ್ತಾರೆ. ವಿದ್ಯಾಪೀಠಗಳು ಆ ನಕ್ಷೆಗೆ ಮೂರು ಸಾಲಿನ ಮರುಮಾತು ಬರೆಯುತ್ತವೆ. ಹುಡುಗರು ಆ ಮೂರು ಸಾಲು ಓದಿ ಎಲ್ಲಿಗೆ ಹೋಗುವುದೆಂದು ತೀರ್ಮಾನಿಸುತ್ತಾರೆ. ನಿಮ್ಮ ಕಾಲದ ಪ್ರಾಸ್ಪೆಕ್ಟಸ್‌ಗಿಂತ ಇದು ವಾಸಿ ಎಂದು ನಮ್ಮ ಮೇಷ್ಟರು ಹೇಳುತ್ತಿದ್ದರು.

ನಕ್ಷೆಯ ಒಂದು ಪ್ರತಿ ಮಟ್ಟದ ಕಚೇರಿಗೂ ಹೋಗುತ್ತದೆ. ಅಲ್ಲೇ ನಾನು ತಪ್ಪಿದೆ. ಮುಕ್ತಾ ಚಂದಾಗಿ ೨೯ ಅಂತ ಬರೆದಿದ್ದಳು. ಅವಳು ಹೊರಗೆ ಹೋದಾಗ ರಬ್ಬರಿನಿಂದ ಒರೆಸಿ, ಎಲ್ಲ ಪ್ರತಿಯಲ್ಲೂ ೩೪ ಎಂದು ತಿದ್ದಿ, ಮುದ್ರೆ ಒತ್ತಿಬಿಟ್ಟೆ. ಎಪ್ಪತ್ತಾರು ವರ್ಷದಲ್ಲಿ ಸುಳ್ಳುಸಾಕ್ಷಿ ಹೇಳಿದ್ದು ಅದೊಂದೇ ಸಲ, ಅದೂ ಐದು ಇಂಚಿಗಾಗಿ.

ಹೊನ್ನಾವರದಾಚೆಯ ತೇಲು ವಿದ್ಯಾಪೀಠ ನಾಡಿನಲ್ಲೇ ದೊಡ್ಡ ಹೆಸರಿನದು, ಸಮುದ್ರದ ಮೇಲೆ ತೇಲುತ್ತದೆ. ಅದು 'ಅಳತೆಗಳೆಲ್ಲ ಮಟ್ಟಕ್ಕಿವೆ. ಅಭಿನಂದನೆ. ಸೀಟು ಖಾಯಂ' ಎಂದು ಬರೆಯಿತು. ಇನ್ನೊಂದು ವಿದ್ಯಾಪೀಠ ಮರುಮಾತಿನ ಬದಲು ತನ್ನ ಹೆಬ್ಬಾಗಿಲಿನ ಚಿತ್ರ ಕಳಿಸಿತು. ರಾಯಚೂರಿನದು ನೆಲದಡಿಯ ವಿದ್ಯಾಪೀಠ. ಬಿಸಿಲಿಗೆ ಹೆದರಿ ಅಲ್ಲಿಯವರು ಭೂಮಿಯೊಳಗೆ ಇಳಿದು ಕೂತಿದ್ದಾರೆ, ಹೆಸರೂ ಅಷ್ಟಕ್ಕಷ್ಟೆ. ಅಲ್ಲಿಂದ ಬಂದದ್ದು ಹೀಗಿತ್ತು: 'ಕಿಟಕಿಯ ಅಂಚು ಮೂವತ್ತೊಂದು ಇಂಚಿನಲ್ಲಿದೆ, ಕಟ್ಟೆ ಮೂವತ್ತನಾಲ್ಕು ಇರಲಾರದು. ಅಡುಗೆ ಮಾಡುವವರು ಯಾರು? ಅವರ ಎತ್ತರವೆಷ್ಟು?'

ಮುಕ್ತಾ ಆ ಕಾಗದ ಹಿಡಿದು ನನ್ನ ಎದುರು ನಿಂತಳು. "ಅಜ್ಜಾ, ಮೂವತ್ನಾಕು ಅಂತ ಯಾರ ಬರದ್ರು?"

"ನಾನ ಬರದೆ."

"ಮೂರು ದಿನಾ ನೆಲದಾಗ ಬಿದ್ದು ಅಳತಿ ತಗೊಂಡೇನಿ. ನನ್ನ ಟೇಪು ಸುಳ್ಳ ಹೇಳ್ತೇನು?"

"ನಿನ್ನ ಟೇಪು ಖರೆ ಐತವ್ವಾ. ನನ್ನ ಮುದ್ರಿ ಸುಳ್ಳು. ಮಟ್ಟದವ್ರು ಬಂದು ನಿಮ್ಮಜ್ಜಿ ಕಟ್ಟಿ ಕಿತ್ತಾರಂತ..."

"ಅಜ್ಜಿ ಇದ್ದಿದ್ರ ಲಟ್ಟಣಗಿ ತಗೊಂಡು ನಿನಗ ಬಾರಸ್ತಿದ್ಲು" ಅಂದು, ಅಳುತ್ತಾ ಹೊರಗೆ ಹೋದಳು. ಅತ್ತದ್ದು ಯಾಕೆಂದು ಆಮೇಲೆ ಹೇಳಿದಳು. ಒಪ್ಪಿಗೆ ತಿಳಿಸಲು ಒಂದೇ ವಾರ ಉಳಿದಿತ್ತು. ಸುಮ್ಮನಿದ್ದರೆ ತೇಲು ವಿದ್ಯಾಪೀಠದ ಸೀಟೂ ಉಳಿಯುತ್ತದೆ, ಕಟ್ಟೆಯೂ ಉಳಿಯುತ್ತದೆ. ನಿಜ ಹೇಳಿದರೆ ಎಲ್ಲ ಕಡೆಯೂ ನಕ್ಷೆ ರದ್ದಾಗಬಹುದು. ಆದರೆ ಅವಳು ಹೋಗಬೇಕೆಂದಿದ್ದದ್ದು ಎತ್ತರ ಕೇಳಿದವರ ಬಳಿಗೆ. ಸುಳ್ಳನ್ನು ಹೊಗಳಿದವರಿಂದ ಏನು ಕಲಿಯಲಿ ಅಜ್ಜಾ ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ನಾನೇ ಟೇಪು ಹಿಡಿದು ಕಟ್ಟೆಯಡಿ ಅಂಗಾತ ಮಲಗಿದೆ. ಅಷ್ಟು ವರ್ಷ ಆ ಮನೆಯಲ್ಲಿದ್ದೂ ಅಲ್ಲಿ ತಲೆಹಾಕಿರಲಿಲ್ಲ. ಕಡಪಾ ಕಲ್ಲಿಗೆ ಆಧಾರ ಕೊಟ್ಟ ಸಾಗವಾನಿ ಹಲಗೆಯ ಅಡಿಯಲ್ಲಿ ಪೆನ್ಸಿಲಿನ ಅಕ್ಷರ ಕಂಡವು. 'ಅಮ್ಮಿಗೆ ೨೯. ಬಡಿಗ ೩೪ ಅಂತಾನೆ. ಶಾಹೀನ ನದಾಫ್, ಜೂನ್ ೨೦೨೬.' ಅದರ ಕೆಳಗೆ ಮೂರು ಕಾಲೇಜು. ಒಂದರ ಮುಂದೆ 'ದೊಡ್ಡ ಹೆಸರು'. ಇನ್ನೊಂದರ ಮುಂದೆ 'ಲೈಬ್ರರಿ ಚಂದ, ಯಾರೂ ಮಾತಾಡಲಿಲ್ಲ'. ಮೂರನೆಯದರ ಹೆಸರು ಅಳಿಸಿಹೋಗಿದೆ, ಮುಂದೆ ಒಂದು ಪ್ರಶ್ನೆಯ ಗುರುತು ಮಾತ್ರ. ಯಾವುದಕ್ಕೂ ಸುತ್ತು ಹಾಕಿಲ್ಲ. ಎದ್ದೇಳಲು ಆಗದೆ ಬಹಳ ಹೊತ್ತು ಅಲ್ಲೇ ಮಲಗಿದ್ದೆ. ಮುಕ್ತಾ ಬಂದು ಕಾಲು ಹಿಡಿದು ಎಳೆದಳು.

ಆವತ್ತೇ ಎಲ್ಲ ಕಡೆಗೂ ಬರೆದೆ. 'ಕಟ್ಟೆ ಇಪ್ಪತ್ತೊಂಬತ್ತು ಇಂಚು. ಅಡುಗೆ ಮಾಡುತ್ತಿದ್ದವಳು ಚಂಪಾವತಿ, ನಾಲ್ಕಡಿ ಒಂಬತ್ತು. ಈಗಿಲ್ಲ. ತಿದ್ದಿದವನು ನಾನು, ಹುಡುಗಿಯಲ್ಲ.' ತೇಲು ವಿದ್ಯಾಪೀಠ ಸೀಟು ರದ್ದು ಮಾಡಿತು. ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ರಾಯಚೂರಿನಿಂದ ಬಂತು: 'ಹಿರಿಯರ ಮುದ್ರೆ ಇನ್ನು ನಡೆಯದು. ಹುಡುಗಿಯ ಅಳತೆ ಸರಿಯಿತ್ತು, ಬರಲಿ. ಚಂಪಾವತಿಯವರಿಗೆ ಕಟ್ಟೆಯ ಬಳಿಯ ಕಿಟಕಿಯಿಂದ ಏನು ಕಾಣುತ್ತಿತ್ತು, ಬರೆದು ತರಲಿ.'

ಏನು ಕಾಣುತ್ತಿತ್ತು? ನನಗೆ ಕಾಣುತ್ತಿದ್ದದ್ದು ಎದುರಿನ ಕಟ್ಟಡದ ಗೋಡೆ. ಮುಕ್ತಾ ಟೇಪು ತಂದು ನನ್ನ ಕಣ್ಣನ್ನು ಅವಳಜ್ಜಿಯ ಕಣ್ಣಿನ ಮಟ್ಟಕ್ಕೆ ಇಳಿಸತೊಡಗಿದಳು. "ಇನ್ನೂ ತೆಳಗ, ಅಜ್ಜಾ. ಇನ್ನೊಂದು ಸ್ವಲ್ಪ. ಮಣಕಾಲು ಬಗ್ಗಸು, ಕುತ್ತಿಗಿ ಅಲ್ಲ." ಕಿಟಕಿಯ ಮೇಲಿನ ಸಜ್ಜ ಕಣ್ಣಿನಿಂದ ಮೇಲಕ್ಕೆ ಸರಿಯಿತು. ಎದುರಿನ ಕಟ್ಟಡದ ನೆತ್ತಿಯಾಚೆ ನೃಪತುಂಗ ಬೆಟ್ಟದ ತುದಿ, ಅದರ ಮೇಲೆ ಒಂದು ಹಿಡಿ ಆಕಾಶ. ನಲವತ್ತೈದು ವರ್ಷ ಅವಳು ಇದನ್ನು ನೋಡುತ್ತಾ ರೊಟ್ಟಿ ಬಡಿದಿದ್ದಾಳೆ. ಒಂದು ದಿನವೂ ನನಗೆ ಹೇಳಲಿಲ್ಲ. ಹೇಳಿರಲೂಬಹುದು, ನಾನು ಪೇಪರು ಓದುತ್ತಿದ್ದಿರಬಹುದು.

ಮಟ್ಟದವರು ಹೋದ ವಾರ ಬಂದರು. ಒಳ್ಳೆಯ ಹುಡುಗರು, ಚಹಾ ಕುಡಿದು, ಅರ್ಧ ದಿನದಲ್ಲಿ ಕಟ್ಟೆ ಎತ್ತರಿಸಿ, ಹಸಿರು ಚೀಟಿ ಅಂಟಿಸಿ ಹೋದರು. ಹಲಗೆಯನ್ನು ಕೇಳಿ ಇಟ್ಟುಕೊಂಡೆ. ಮುಕ್ತಾ ಸೋಮವಾರ ಹೊರಟಳು. ಹಲಗೆಯೂ ಅವಳ ಜೊತೆ ಹೋಯಿತು. ಈಗ ನೆಟ್ಟಗೆ ನಿಂತು ಅಡುಗೆ ಮಾಡುತ್ತೇನೆ. ಬೆನ್ನು ನೋಯುವುದಿಲ್ಲ. ಅದೇ ಈಗ ಸಹಿಸಲಾಗದೆ ಇರುವುದು.

ಚಂಪಾಳಿಗೆ ಬರೆಯದೆ ನಿನಗೆ ಬರೆದದ್ದು ಇದಕ್ಕೇ, ಶಾಹೀನ. ಅವಳಿಗೆ ಬರೆದರೆ ಅವಳು ಓದುತ್ತಾಳೆ, ನಕ್ಕು ಮಡಚಿಡುತ್ತಾಳೆ, ಅಷ್ಟೇ. ನೀನು ಓದಿದರೆ ಅವಳು ಈ ಮನೆಗೆ ಬರುತ್ತಾಳೆ. ಯಾವ ಕಾಲೇಜು ಎಂಬುದನ್ನು ನಾನು ಹೇಳಲಾರೆ, ನಿಮ್ಮ ಕಾಲದ ಕಾಲೇಜುಗಳು ನನಗೆ ಗೊತ್ತಿಲ್ಲ. ಹೋದಲ್ಲೆಲ್ಲ ಅಮ್ಮಿಯ ಅಡುಗೆಮನೆಯ ಚಿತ್ರ ತೋರಿಸು. ಅಮ್ಮಿಯ ಎತ್ತರ ಕೇಳಿದವರ ಹೆಸರಿಗೆ ಸುತ್ತು ಹಾಕು, ಪೆನ್ಸಿಲನ್ನು ಸ್ವಲ್ಪ ಒತ್ತಿ ಹಿಡಿ. ಅದು ಆಮೇಲಿನ ಮಾತು. ಮೊದಲು, ಈ ಕಾಗದ ನಿನಗೆ ಮುಟ್ಟುವ ಜೂನ್ ತಿಂಗಳಲ್ಲೇ, ಬಡಿಗ ಬರುತ್ತಾನೆ. ಎಲ್ಲರ ಮನೆಯಲ್ಲೂ ಮೂವತ್ತನಾಲ್ಕೇ, ಮುಂದೆ ಮನೆ ಮಾರುವಾಗ ತೊಂದರೆಯಾಗುತ್ತದೆ ಅನ್ನುತ್ತಾನೆ. ಅವನು ಹೇಳುವುದೂ ಸುಳ್ಳಲ್ಲ.

ಒಪ್ಪಬೇಡ.

ಯುವರ್ಸ್ ಒಬೀಡಿಯಂಟ್‌ಲಿ,
ಗುರುಪಾದಪ್ಪ ಹಂಚಿನಮನಿ